ತಲೆಮಾರಿನ ಆಘಾತ ಅಂದ್ರೆ ಏನು, ಕಾದಂಬರೀಲಿ ಅದನ್ನ ಎಲ್ಲಿ ಹುಡುಕ್ಬೇಕು

"ಈ ಕಾದಂಬರಿಯಲ್ಲಿ ಶೋಕ ಮತ್ತು ಕೌಟುಂಬಿಕ ಆಘಾತದ ನೆಲೆಗಳನ್ನು ವಿವೇಚಿಸಿ" ಅಂತ ಒಂದು ಪ್ರಶ್ನೆ ಬಂದ್ರೆ ಸಾಕು, ನಮ್ ಮಡಿಕೇರಿ ವಿರಾಜಪೇಟೆ ಕಡೆ ಸಾಹಿತ್ಯ ಓದೋ ಮಕ್ಕಳಲ್ಲಿ ಮುಕ್ಕಾಲು ಪಾಲು ಜನ ಯಾರ್ಯಾರು ಸತ್ರು, ಯಾರ್ಯಾರು ಅತ್ರು ಅಂತ ಕಥೆ ಹೇಳ್ಕೊಂಡು ಹೋಗ್ತಾರೆ. ಅದು ಸಾವಿನ ಲೆಕ್ಕ ಅಷ್ಟೇ. ಶೋಕ ಬೇರೆ, ಆಘಾತ ಬೇರೆ, ಒಂದು ತಲೆಮಾರಿನ ಆಘಾತ ಇನ್ನೊಂದಕ್ಕೆ ಇಳಿಯೋದು ಇನ್ನೂ ಬೇರೆ, ಮೂರನ್ನೂ ಒಂದೇ ಅಂದ್ಕೊಂಡ್ರೆ ಕಾದಂಬರಿ ಕೈಗೆ ಸಿಗೋದೇ ಇಲ್ಲ.

ಶೋಕಕ್ಕೆ ಒಂದು ದಾರಿ ಇರತ್ತೆ. ಕೊಡವ ಮನೇಲಿ ಸಾವಾದ್ರೆ ಎರಡು ಗುಂಡು ಹಾರಿಸ್ತಾರೆ, ಶಬ್ದ ಕೇಳಿದ್ ಕೂಡ್ಲೆ ಊರಿಗೆ ಊರೇ ಕೆಲ್ಸ ಬಿಟ್ಟು ಬರತ್ತೆ, ಬಿಳಿ ಬಟ್ಟೆ, ಸೂತಕ, ಆಮೇಲೆ ಸೂತಕ ಕಳೆಯೋ ಮಾದ, ಅದಾದ್ಮೇಲೂ ಕಾರಣರಿಗೆ, ಅಂದ್ರೆ ಹಿರೀಕರಿಗೆ, ಮೀದಿ ಅಂತ ಎಡೆ ಇಡೋದು ಇದ್ದೇ ಇರತ್ತೆ. ಹೋದೋರು ಯಾರು ಅಂತ ಗೊತ್ತು, ಎಷ್ಟು ದಿನ ಅಳ್ಬೇಕು, ಯಾವತ್ತು ಎದ್ದು ಮತ್ತೆ ಗದ್ದೆಗೆ ಇಳೀಬೇಕು ಅನ್ನೋದೂ ಗೊತ್ತು. ಮನೋವಿಶ್ಲೇಷಣೆಯ ಫ್ರಾಯ್ಡ್ 1917ರಲ್ಲಿ ಶೋಕ ಮತ್ತು ವಿಷಾದದ ಬಗ್ಗೆ ಬರೆದ ಪ್ರಬಂಧದಲ್ಲಿ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ, ಶೋಕದಲ್ಲಿ ಹೊರಗಿನ ಲೋಕ ಬರಿದಾಗತ್ತೆ, ವಿಷಾದದಲ್ಲಿ ತಾನೇ ಬರಿದಾದ ಹಾಗೆ, ಮತ್ತು ವಿಷಾದಕ್ಕೆ ಬಿದ್ದೋರಿಗೆ ಯಾರನ್ನ ಕಳ್ಕೊಂಡೆ ಅಂತ ಗೊತ್ತಿದ್ರೂ ಅವರ ಜೊತೆ ಏನನ್ನ ಕಳ್ಕೊಂಡೆ ಅನ್ನೋದು ಗೊತ್ತಿರಲ್ಲ.

ಆಘಾತಕ್ಕೆ ಅಂಥ ದಾರಿ ಇಲ್ಲ. ಘಟನೆ ನಡೆಯೋ ಹೊತ್ತಲ್ಲಿ ಮನಸ್ಸಿಗೆ ಅದನ್ನ ಪೂರ್ತಿ ಒಳಗೆ ತಗೊಳ್ಳೋಕಾಗಲ್ಲ, ಹಾಗಾಗಿ ಅದು ಆಮೇಲೆ ಬೇರೆ ಬೇರೆ ವೇಷದಲ್ಲಿ ವಾಪಸ್ ಬರ್ತಾನೇ ಇರತ್ತೆ, ಕನಸಾಗಿ, ಬೆಚ್ಚಿ ಬೀಳೋದಾಗಿ, ಒಂದು ಜಾಗದ ಹತ್ರಕ್ಕೂ ಹೋಗ್ದೆ ಇರೋದಾಗಿ. 1996ರಲ್ಲಿ ಕ್ಯಾಥಿ ಕರೂತ್ ಅನ್ನೋ ವಿಮರ್ಶಕಿ ಸಾಹಿತ್ಯ ವಿಮರ್ಶೆಗೆ ತಂದ ಮುಖ್ಯ ವಿಚಾರ ಇದೇ.

ಇನ್ನು ತಲೆಮಾರಿಂದ ತಲೆಮಾರಿಗೆ ಹೋಗೋದು. ಹೋಲೋಕಾಸ್ಟ್‌ನಲ್ಲಿ, ಅಂದ್ರೆ ನಾಜಿಗಳು ನಡೆಸಿದ ಯಹೂದಿಯರ ಹತ್ಯಾಕಾಂಡದಲ್ಲಿ, ಬದುಕುಳಿದೋರ ಮಕ್ಕಳನ್ನ ನೋಡಿ ಮೇರಿಯಾನ್ ಹರ್ಷ್ ಅನ್ನೋ ವಿದ್ವಾಂಸೆ 1990ರ ದಶಕದಲ್ಲಿ ಇದನ್ನ ಪೋಸ್ಟ್‌ಮೆಮೊರಿ ಅಂದ್ರು. ತಾನು ಹುಟ್ಟೋಕೆ ಮುಂಚೆ ನಡೆದಿದ್ದು, ತನ್ನ ನೆನಪೇ ಅಲ್ಲ, ಆದ್ರೂ ಮನೆಯೋರ ಮಾತು, ಮೌನ, ಫೋಟೋ, ಭಯ ಇವುಗಳ ಮೂಲಕ ತನ್ನದೇ ನೆನಪಿನಷ್ಟು ಗಟ್ಟಿಯಾಗಿ ಒಳಗೆ ಕೂತಿರತ್ತೆ. ನಮ್ಮಲ್ಲಿ 2018ರ ಆಗಸ್ಟಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಬೆಟ್ಟ ಜಾರಿದ್ದು ನೆನಪಿರೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ರಾತ್ರಿ ಮಳೆ ಒಂದೇ ಸಮ ಹೊಡಿಯೋಕೆ ಶುರುವಾದ್ರೆ ಅಜ್ಜಿ ಎದ್ದು ಕೂತು ಆರ್‌ಟಿಸಿ, ಆಧಾರ್ ಎಲ್ಲ ಇರೋ ಚೀಲ ಬಾಗಿಲ ಹತ್ರ ತಂದಿಡ್ತಾಳೆ ಅಂತ ಇಟ್ಕೊಳ್ಳಿ, ಯಾಕೆ ಅಂತ ಯಾರೂ ಕೇಳಲ್ಲ, ಅವಳೂ ಹೇಳಲ್ಲ, 2018ರ ಆಮೇಲೆ ಹುಟ್ಟಿದ ಮೊಮ್ಮಗು ಮಾತ್ರ ಆ ಚೀಲ ನೋಡ್ತಾ ನೋಡ್ತಾ ಮಳೆಗೆ ಹೆದರೋದನ್ನ ಕಲಿಯತ್ತೆ. ಕಾದಂಬರೀಲಿ ನೀವು ಹುಡುಕ್ಬೇಕಾಗಿರೋದು ಆ ಚೀಲಾನ, ಬೆಟ್ಟ ಜಾರಿದ ವರ್ಣನೇನ ಅಲ್ಲ.

ಅಮೆರಿಕದ ಟೋನಿ ಮಾರಿಸನ್ ಅವರ 1987ರ ಕಾದಂಬರಿ 'ಬಿಲವೆಡ್' ತಗೊಳ್ಳಿ, ಈ ವಿಷಯಕ್ಕೆ ಇದಕ್ಕಿಂತ ಒಳ್ಳೆ ಪುಸ್ತಕ ನನಗೆ ಗೊತ್ತಿಲ್ಲ. ಗುಲಾಮಗಿರಿಯಿಂದ ತಪ್ಪಿಸ್ಕೊಂಡ ಸೆಥೆ, ಹಿಡಿಯೋಕೆ ಬಂದೋರ ಕೈಗೆ ಮಕ್ಕಳು ಸಿಗಬಾರದು ಅಂತ ತನ್ನ ಎಳೆ ಮಗಳನ್ನ ತಾನೇ ಕೊಲ್ತಾಳೆ. ನಿಜವಾಗಿ ನಡೆದ 1856ರ ಮಾರ್ಗರೆಟ್ ಗಾರ್ನರ್ ಪ್ರಕರಣ ಇದರ ಹಿಂದಿದೆ. ಆದ್ರೆ ಕಾದಂಬರಿ ಆ ಕೊಲೆಯಿಂದ ಶುರುವಾಗಲ್ಲ, ಅರ್ಧ ಪುಸ್ತಕ ಹತ್ರ ಬರೋವರೆಗೂ ಸುತ್ತಾ ಸುತ್ತತ್ತೆ, ಕೊನೆಗೆ ಹೇಳಿದಾಗ್ಲೂ ಮೊದಲು ಹಿಡಿಯೋಕೆ ಬಂದ ಬಿಳಿಯರ ಕಣ್ಣಿಂದ ಹೇಳತ್ತೆ. ಆಮೇಲೆ ಸೆಥೆ, ಹಿಂದೆ ತನ್ನ ಜೊತೆ ಗುಲಾಮನಾಗಿದ್ದ ಪಾಲ್ ಡಿಗೆ ತಾನೇ ಹೇಳೋಕೆ ಹೊರಟಾಗ ಅಡುಗೆಮನೇಲಿ ಅವನ ಸುತ್ತ ಗಿರಗಿರ ಸುತ್ತುತ್ತಾ ಇರ್ತಾಳೆ, ನೇರ ವಿಷಯಕ್ಕೆ ಬರೋಕೇ ಆಗಲ್ಲ. ಅವಳು ಸುತ್ತೋದು, ಪುಸ್ತಕ ಸುತ್ತೋದು ಎರಡೂ ಒಂದೇ. ಆಘಾತ ಕಥಾವಸ್ತುವಲ್ಲಿ ಮಾತ್ರ ಇರಲ್ಲ, ಹೇಳೋ ಕ್ರಮದಲ್ಲೇ ಇರತ್ತೆ ಅಂತ ನಾನು ಒತ್ತಿ ಒತ್ತಿ ಹೇಳೋದು ಇದಕ್ಕೇ.

ಮತ್ತೆ ಡೆನ್ವರ್, ಉಳಿದ ಮಗಳು. ಕೊಲೆ ಆದಾಗ ಕೈಗೂಸು, ಅವಳಿಗೆ ಏನೂ ನೆನಪಿರೋಕೆ ಸಾಧ್ಯವಿಲ್ಲ. ಲೇಡಿ ಜೋನ್ಸ್ ಹತ್ರ ಖುಷಿಯಿಂದ ಅಕ್ಷರ ಕಲೀತಿದ್ದ ಹುಡುಗಿಗೆ ಒಂದಿನ ಜೊತೆಯ ಹುಡುಗ ನಿನ್ನ ಅಮ್ಮ ಕೊಲೆ ಮಾಡಿ ಜೈಲಿಗೆ ಹೋಗಿದ್ಲಂತೆ ಹೌದಾ ಅಂತ ಕೇಳ್ತಾನೆ. ಅಮ್ಮನ್ನ ಕೇಳ್ತಾಳೆ, ಆದ್ರೆ ಉತ್ತರ ಕಿವಿಗೆ ಬೀಳೋಕೆ ಮುಂಚೆನೇ ಕಿವುಡಾಗ್ತಾಳೆ, ಸುಮಾರು ಎರಡು ವರ್ಷ ಏನೂ ಕೇಳ್ಸಲ್ಲ. ಕಥೆ ನಡೆಯೋ 1873ರ ಹೊತ್ತಿಗೆ ಅವಳು ದೊಡ್ಡೋಳಾಗಿದಾಳೆ, ಆದ್ರೂ ಮನೆ ಅಂಗಳ ದಾಟಿ ಹೋಗಲ್ಲ. ಅಮ್ಮ ಮಾಡಿದ್ದು, ಅಮ್ಮ ಹೇಳ್ದೆ ಇದ್ದಿದ್ದು, ಮಗಳ ಕಿವೀಲಿ ಕಾಲಲ್ಲಿ ಬಂದು ಕೂತಿದೆ. ಉತ್ತರ ಬರೆಯೋವಾಗ ಈ ಒಂದು ಸಂಗತಿ ಬಿಡಿಸಿ ಬರೆದ್ರೂ ಹತ್ತು ಪುಟದ ಕಥಾಸಾರಕ್ಕಿಂತ ಮೇಲು.

ಸೆಥೆಯ ಗಂಡ ಹ್ಯಾಲಿ ಏನಾದ, ಸತ್ನಾ ಬದುಕಿದಾನಾ, ಕೊನೆವರೆಗೂ ಖಚಿತ ಆಗಲ್ಲ. ಇಂಥದ್ದಕ್ಕೆ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ಆಂಬಿಗ್ಯುಯಸ್ ಲಾಸ್ ಅಂತಾರೆ, ಕೊನೆ ಅನ್ನೋದೇ ಸಿಗದ ನಷ್ಟ. 2020ರ ಆಗಸ್ಟಲ್ಲಿ ತಲಕಾವೇರಿ ಹತ್ರ ಬ್ರಹ್ಮಗಿರಿ ಕುಸಿದಾಗ ಮಣ್ಣಡಿ ಹೋದೋರೆಲ್ಲರ ದೇಹ ಸಿಗಲಿಲ್ಲ, ಸಂಸ್ಕಾರ ಮಾಡೋಕೆ ದೇಹವೇ ಇಲ್ದೆ ಇದ್ರೆ ಶೋಕ ಎಲ್ಲಿಂದ ಶುರು ಮಾಡೋದು ಅನ್ನೋ ಕಷ್ಟ ನಮ್ಮ ಜಿಲ್ಲೆ ಕಣ್ಣಾರೆ ಕಂಡಿದ್ದು.

ಕನ್ನಡಕ್ಕೆ ಬಂದ್ರೆ ಭೈರಪ್ಪನವರ 1970ರ 'ಗೃಹಭಂಗ'. ನಂಜಮ್ಮ ಕೈಲಾಗದ ಗಂಡನ ಬದಲು ತಾನೇ ಶ್ಯಾನುಭೋಗಿಕೆ ಲೆಕ್ಕ ಬರೀತಾಳೆ, ಎಲೆ ಹಚ್ಚಿ ಸಂಸಾರ ನಡೆಸ್ತಾಳೆ, ಆಮೇಲೆ ಪ್ಲೇಗು ಬಂದು ಮಕ್ಕಳಾದ ಪಾರ್ವತಿ, ರಾಮಣ್ಣ ಇಬ್ರನ್ನೂ ತಗೊಂಡು ಹೋಗತ್ತೆ. ಇಲ್ಲಿ ಎಲ್ಲವೂ ನಡೆದ ಕ್ರಮದಲ್ಲೇ ಬರತ್ತೆ, ಏನನ್ನೂ ಮುಚ್ಚಿಟ್ಟಿಲ್ಲ, ನಂಜಮ್ಮನಿಗೆ ತಾನು ಏನು ಕಳ್ಕೊಂಡೆ ಅಂತ ಚೆನ್ನಾಗಿ ಗೊತ್ತು. ಹಾಗಾಗಿ ಅವಳದ್ದು ಶೋಕ ಅಂತಾನೇ ಓದ್ಬೇಕು ಅನ್ನೋದು ನನ್ನ ಅಭಿಪ್ರಾಯ, ಆಘಾತ ಅನ್ನೋ ಪದ ಹಚ್ಚಿದ್ರೆ ಅವಳ ಗಟ್ಟಿತನಕ್ಕೇ ಅನ್ಯಾಯ. ಆಘಾತದ ಪ್ರಶ್ನೆ ಕೇಳ್ಬೇಕಾಗಿರೋದು ಉಳಿದ ಮಗ ವಿಶ್ವನ ಬಗ್ಗೆ. ಅಜ್ಜಿ ಗಂಗಮ್ಮನ ಬೈಗುಳ, ಅಪ್ಪನ ಬೇಜವಾಬ್ದಾರಿ, ಅಣ್ಣ ಅಕ್ಕನ ಸಾವು, ಕೊನೆಗೆ ಅಮ್ಮನದೂ, ಇಷ್ಟನ್ನ ಹೊತ್ಕೊಂಡ ಹುಡುಗ ಊರಿನ ಜಂಗಮ ಮಹಾದೇವಯ್ಯನೋರ ಜೊತೆ ಊರು ಬಿಡೋವಾಗ ಅವನ ಪಾಲಿಗೆ ಏನು ಬಂತು ಅಂತ ಯೋಚ್ನೆ ಮಾಡಿ ಬರೀರಿ, ಆಗ ಈ ಪರಿಭಾಷೆ ಉಪಯೋಗಕ್ಕೆ ಬರತ್ತೆ.