ಏನೂ ತಪ್ಪು ಮಾಡ್ದೆ ಇರೋರಿಗೂ ಕಷ್ಟ ಯಾಕೆ? ದೇವರು ಯಾಕೆ ಸುಮ್ನಿರ್ತಾನೆ?

ಪ್ರಶ್ನೆ: "ದೇವರು ಪ್ರೀತಿ ಅಂತೀರಿ, ಸರ್ವಶಕ್ತ ಅಂತೀರಿ. ಹಾಗಿದ್ಮೇಲೆ ಏನೂ ಅರಿಯದ ಮಕ್ಕಳಿಗೆ ದೊಡ್ಡ ದೊಡ್ಡ ಕಾಯಿಲೆ ಯಾಕೆ ಬರುತ್ತೆ, ಕೆಟ್ಟೋರು ಆರಾಮಾಗಿ ಇರ್ತಾರೆ ಯಾಕೆ? ಪ್ರಾರ್ಥನೆ ಮಾಡಿದ್ರೂ ಆತ ಸುಮ್ನೆ ನೋಡ್ತಾ ಕೂತಿರೋದು ಯಾಕೆ?"

ಈ ಪ್ರಶ್ನೆಗೆ ನಾನು ಒಂದ್ಸಲ ತುಂಬಾ ಕೆಟ್ಟ ಉತ್ತರ ಕೊಟ್ಟಿದ್ದೆ, ಅಲ್ಲಿಂದಾನೇ ಶುರು ಮಾಡ್ತೀನಿ. ನಮ್ಮ ಚರ್ಚ್ ಸಭೆಯ ಒಂದು ಮನೇಲಿ ಆರು ವರ್ಷದ ಹುಡುಗಿ ಡೆಂಗ್ಯೂ ಬಂದು ನಾಲ್ಕೇ ದಿನದಲ್ಲಿ ತೀರ್ಕೊಂಡ್ಲು. ಪ್ಲೇಟ್‌ಲೆಟ್ ಇಳೀತಿದೆ ಅಂತ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬಂದಾಗಿಂದ ಎಲ್ಲರೂ ಪ್ರಾರ್ಥನೆ ಮಾಡಿದ್ವಿ, ಕೆಲವರು ಉಪವಾಸಾನೂ ಇದ್ರು. ಮಣ್ಣು ಮಾಡಿ ಬಂದ ಸಂಜೆ ಏನು ಹೇಳ್ಬೇಕೋ ಗೊತ್ತಾಗದೆ ನಾನು ಆ ತಾಯಿಗೆ "ದೇವರ ತೋಟಕ್ಕೆ ಒಂದು ಒಳ್ಳೇ ಹೂವು ಬೇಕಿತ್ತು ಅಕ್ಕ, ಅದಕ್ಕೆ ಕರ್ಕೊಂಡ" ಅಂದೆ. ಅವರು ತಲೆ ಎತ್ತಿ ನೋಡಿ, "ಅವನ ತೋಟದಲ್ಲಿ ಹೂವಿಗೇನು ಬರಾನಾ ಅಣ್ಣ? ನಂಗಿದ್ದಿದ್ದು ಅದೊಂದೇ" ಅಂದ್ರು. ಅವತ್ತಿಂದ ಆ ಮಾತು ನಾನು ಎಲ್ಲೂ ಆಡಿಲ್ಲ. ಅಂದ ಹಾಗೆ ಬೈಬಲಲ್ಲಿ ಅಂಥ ಮಾತು ಎಲ್ಲೂ ಇಲ್ಲ, ನಾವೇ ಕಟ್ಕೊಂಡಿದ್ದು ಅದು.

ಸರಿ, ಬೈಬಲಲ್ಲಿ ಏನಿದೆ? ನಮ್ಮ ಕಡೆ ಕಷ್ಟ ಬಂದ ತಕ್ಷಣ "ಮಾಡಿದ್ದುಣ್ಣೋ ಮಹಾರಾಯ" ಅಂತಾರೆ, ಕ್ರೈಸ್ತರ ಮನೇಲೂ ಇದೇ ಮಾತು ಬೇರೆ ಡ್ರೆಸ್ ಹಾಕ್ಕೊಂಡು ಬರುತ್ತೆ, "ಏನೋ ಗುಪ್ತ ಪಾಪ ಇರ್ಬೇಕು, ನಂಬಿಕೆ ಕಮ್ಮಿ ಇರ್ಬೇಕು" ಅಂತ. ಬಿತ್ತಿದ್ದನ್ನೇ ಕೊಯ್ತೀವಿ ಅನ್ನೋ ಮಾತು ಬೈಬಲಲ್ಲೂ ಇದೆ, ಇಲ್ಲ ಅನ್ನಲ್ಲ. ಆದ್ರೆ ಅದನ್ನ ಉಲ್ಟಾ ಓದೋ ಹಾಗಿಲ್ಲ. ಕುಡಿದು ಬೈಕ್ ಓಡಿಸಿದ್ರೆ ಬೀಳ್ತಾರೆ ನಿಜ, ಹಾಗಂತ ಬಿದ್ದೋರೆಲ್ಲಾ ಕುಡಿದಿದ್ರು ಅನ್ನೋಕಾಗುತ್ತಾ? ಹುಟ್ಟು ಕುರುಡನೊಬ್ಬನನ್ನ ನೋಡಿ ಶಿಷ್ಯರು ಯೇಸುವನ್ನ ಇದನ್ನೇ ಕೇಳ್ತಾರೆ, ಯಾರು ಪಾಪ ಮಾಡಿದ್ದು, ಇವನಾ ಇವನ ಅಪ್ಪ ಅಮ್ಮನಾ ಅಂತ. ಇವನೂ ಅಲ್ಲ ಇವನ ಹೆತ್ತವರೂ ಅಲ್ಲ ಅಂತ ಯೇಸು ನೇರವಾಗಿ ಹೇಳಿ ಅವನಿಗೆ ಕಣ್ಣು ಕೊಡ್ತಾನೆ. ಯೆರೂಸಲೇಮಲ್ಲಿ ಸಿಲೊವಾಮಿನ ಬುರುಜು ಬಿದ್ದು 18 ಜನ ಸತ್ತಾಗಲೂ ಅಷ್ಟೇ, ಸತ್ತೋರು ಊರಲ್ಲಿದ್ದ ಬೇರೆಯವರಿಗಿಂತ ದೊಡ್ಡ ಪಾಪಿಗಳು ಅಂದ್ಕೊಂಡ್ರಾ, ಇಲ್ಲ, ನೀವು ನಿಮ್ಮ ಬದುಕು ನೋಡ್ಕೊಳ್ಳಿ ಅಂತಾನೆ (ಲೂಕ 13).

ಬೈಬಲಿನ ಯೋಬನ ಪುಸ್ತಕ ಪೂರ್ತಿ ಇದೇ ಜಗಳ. 42 ಅಧ್ಯಾಯ. ಒಳ್ಳೇ ಮನುಷ್ಯ, ಒಂದೇ ದಿನ ದನಕರು ಆಳುಕಾಳು ಹತ್ತೂ ಮಕ್ಕಳು ಎಲ್ಲಾ ಹೋಗಿ ಆಮೇಲೆ ಮೈ ತುಂಬಾ ಹುಣ್ಣು. ಮೂರು ಜನ ಫ್ರೆಂಡ್ಸ್ ಬರ್ತಾರೆ, ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿರ್ತಾರೆ. ನನ್ನ ಕೇಳಿದ್ರೆ ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ, ಬಾಯಿ ಬಿಟ್ಟ ಮೇಲೆ ಎಲ್ಲಾ ಹಾಳು. ಬಿಲ್ದದ ಅನ್ನೋನು ಅಂತೂ ನಿನ್ನ ಮಕ್ಕಳು ಪಾಪ ಮಾಡಿರ್ಬೇಕು ಅದಕ್ಕೇ ಹೋದ್ರು ಅನ್ನೋ ಅರ್ಥದಲ್ಲೇ ಮಾತಾಡ್ತಾನೆ, ಮಕ್ಕಳನ್ನ ಕಳ್ಕೊಂಡ ಅಪ್ಪನ ಮುಂದೆ! ಯೋಬ ಸುಮ್ನಿರಲ್ಲ, ಹುಟ್ಟಿದ ದಿನಾನ ಶಪಿಸ್ತಾನೆ, ದೇವರನ್ನೇ ಕೋರ್ಟಿಗೆ ಎಳೀತೀನಿ ಅನ್ನೋ ಥರ ವಾದ ಮಾಡ್ತಾನೆ. ಕೊನೇಗೆ ದೇವರು ಬಿರುಗಾಳಿಯೊಳಗಿಂದ ಮಾತಾಡ್ತಾನೆ, ಆದ್ರೆ ಗಮನಿಸಿ, "ನಿನಗೆ ಹೀಗಾಗಿದ್ದು ಇದಕ್ಕೆ" ಅಂತ ಎಲ್ಲೂ ಹೇಳಲ್ಲ. ಮೊದಲ ಅಧ್ಯಾಯದಲ್ಲಿ ಪರಲೋಕದಲ್ಲಿ ಏನಾಯ್ತು, ಯೋಬನನ್ನ ಪರೀಕ್ಷೆ ಮಾಡೋಕೆ ಸೈತಾನ ದೇವರ ಹತ್ರ ಹೇಗೆ ಅನುಮತಿ ತಗೊಂಡ ಅಂತ ಓದೋ ನಮಗೆ ಗೊತ್ತು, ಯೋಬನಿಗೆ ಕೊನೇವರೆಗೂ ಗೊತ್ತಾಗಲ್ಲ. ಮತ್ತೆ ದೇವರಿಗೆ ಕೋಪ ಬರೋದು ಯಾರ ಮೇಲೆ? ದೇವರ ಪರ ವಕೀಲಿಕೆ ಮಾಡಿದ ಆ ಮೂವರ ಮೇಲೆ. ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ್ದು ಯೋಬ, ನೀವಲ್ಲ ಅಂತಾನೆ.

ಇನ್ನು ತತ್ವಶಾಸ್ತ್ರದ ಕಡೆ ಬಂದ್ರೆ, ಕೆಟ್ಟದ್ದನ್ನ ತಡೆಯೋಕೆ ಆಗದಿದ್ರೆ ದೇವರಿಗೆ ಶಕ್ತಿ ಇಲ್ಲ, ಆಗಿಯೂ ತಡೀದಿದ್ರೆ ಒಳ್ಳೆಯವನಲ್ಲ ಅನ್ನೋ ವಾದ ಗ್ರೀಸಿನ ಎಪಿಕ್ಯೂರಸ್ ಹೆಸರಲ್ಲಿ ಶತಮಾನಗಳಿಂದ ಓಡಾಡ್ತಿದೆ. ಕ್ರೈಸ್ತರು ಸಾಮಾನ್ಯವಾಗಿ ಕೊಡೋ ಉತ್ತರ ಸ್ವತಂತ್ರ ಇಚ್ಛೆ. ಪ್ರೀತಿ ಮಾಡೋಕೆ ಆಗ್ಬೇಕಂದ್ರೆ ಮಾಡದೇ ಇರೋಕೂ ಆಗ್ಬೇಕು, ಕೀ ಕೊಟ್ಟ ಗೊಂಬೆ "ಐ ಲವ್ ಯೂ" ಅಂದ್ರೆ ಅದಕ್ಕೇನು ಬೆಲೆ. ಆದಾಮನ ಮಗ ಕಾಯಿನ ತನ್ನ ತಮ್ಮನನ್ನ ಕೊಲ್ಲೋ ಮುಂಚೆ ದೇವರು ಅವನ ಹತ್ರ ಬಂದು, ಪಾಪ ಬಾಗಿಲಲ್ಲೇ ಹೊಂಚು ಹಾಕ್ತಿದೆ ನೋಡ್ಕೋ ಅಂತ ಎಚ್ಚರಿಕೆ ಕೊಡ್ತಾನೆ, ಆದ್ರೆ ಕೈ ಹಿಡ್ಕೊಳ್ಳಲ್ಲ. ಅಮೆರಿಕದ ಕ್ರೈಸ್ತ ತತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗಾ 1970ರ ದಶಕದಲ್ಲಿ ಇದನ್ನ ಎಷ್ಟು ಗಟ್ಟಿಯಾಗಿ ಕಟ್ಟಿದ್ರು ಅಂದ್ರೆ, ದೇವರೂ ಕೆಡುಕೂ ಒಟ್ಟಿಗೆ ಇರೋದು ತರ್ಕಕ್ಕೆ ವಿರುದ್ಧ ಏನಲ್ಲ ಅಂತ ಎಷ್ಟೋ ನಾಸ್ತಿಕ ಪಂಡಿತರೂ ಒಪ್ಕೊಂಡ್ರು.

ಆದ್ರೆ ಡೆಂಗ್ಯೂ ಸೊಳ್ಳೆಗೆ ಯಾವ ಸ್ವತಂತ್ರ ಇಚ್ಛೆ? ವಿಲಿಯಂ ರೋ ಅನ್ನೋ ತತ್ವಜ್ಞಾನಿ 1979ರಲ್ಲಿ ಕೇಳಿದ್ದೂ ಹೆಚ್ಚುಕಮ್ಮಿ ಇದೇ. ದೂರದ ಕಾಡಲ್ಲಿ ಸಿಡಿಲು ಬಡಿದು ಬೆಂಕಿ ಬೀಳುತ್ತೆ, ಒಂದು ಜಿಂಕೆಮರಿ ಅರ್ಧ ಸುಟ್ಟು ದಿನಗಟ್ಟಲೆ ನರಳಿ ಸಾಯುತ್ತೆ, ಯಾರೂ ನೋಡಲ್ಲ, ಅದರಿಂದ ಯಾರಿಗೂ ಪಾಠ ಇಲ್ಲ ಲಾಭ ಇಲ್ಲ, ಇದು ಯಾಕೆ ಬೇಕಿತ್ತು ಅಂತ. 2019ರ ಫೆಬ್ರವರೀಲಿ ಬಂಡೀಪುರ ಹೊತ್ತಿ ಉರಿದಾಗ ನಂಗೆ ಈ ಜಿಂಕೆಮರೀನೇ ನೆನಪಾಗಿದ್ದು. ಕ್ರೈಸ್ತರು ಇದಕ್ಕೆ, ಮನುಷ್ಯ ದೇವರಿಂದ ದೂರ ಆದಾಗ ಸೃಷ್ಟಿ ಪೂರ್ತಿ ಅದರ ಜೊತೆ ಕೆಟ್ಟಿತು, ಅದು ಹೆರಿಗೆ ನೋವಿನಲ್ಲಿ ನರಳ್ತಾ ಇದೆ ಅಂತ ಅಪೊಸ್ತಲ ಪೌಲ ರೋಮಾಪುರದ ಕ್ರೈಸ್ತರಿಗೆ ಬರೆದಿದ್ದನ್ನ ತೋರಿಸ್ತಾರೆ. ಹೆರಿಗೆ ಅಂದ್ರೆ ನೋವಿನ ಕೊನೇಲಿ ಏನೋ ಹುಟ್ಟುತ್ತೆ ಅಂತ, ಆ ಹೋಲಿಕೆ ನಂಗೆ ಇಷ್ಟ, ಆದ್ರೂ ಜಿಂಕೆಮರಿಗೆ ಅದು ಪೂರ್ತಿ ಉತ್ತರ ಅಂತ ಮಾತ್ರ ನಾನು ಹೇಳಲ್ಲ. ಕಷ್ಟದಲ್ಲೇ ಮನುಷ್ಯ ಮಾಗ್ತಾನೆ ಅಂತ ಇನ್ನೊಂದು ವಾದ ಇದೆ, ಎರಡನೇ ಶತಮಾನದ ಕ್ರೈಸ್ತ ಗುರು ಐರೇನಿಯಸ್ ಕಾಲದಿಂದ ಬಂದಿದ್ದು, ಕೆಲವರ ವಿಷಯದಲ್ಲಿ ನಿಜಾನೇ. ಆರು ವರ್ಷಕ್ಕೇ ಹೋದವಳು ಮಾಗೋದು ಯಾವಾಗ?

ಇಲ್ಲಿ ಒಂದು ಮುಖ್ಯವಾದ ವ್ಯತ್ಯಾಸ ಇದೆ. ದೇವರು ಅನುಮತಿಸೋದು ಬೇರೆ, ಬಯಸೋದು ಬೇರೆ. "ಎಲ್ಲಾ ದೇವರ ಚಿತ್ತ" ಅಂತ ಸಾವಿನ ಮನೇಲಿ ಹೇಳಿಬಿಡ್ತೀವಿ, ಆದ್ರೆ ಯೇಸು ಕಲಿಸಿದ ಪ್ರಾರ್ಥನೇಲಿ ನಿನ್ನ ಚಿತ್ತ ಪರಲೋಕದಲ್ಲಿ ನೆರವೇರುವ ಹಾಗೆ ಭೂಲೋಕದಲ್ಲೂ ನೆರವೇರಲಿ ಅಂತ ಯಾಕೆ ಬೇಡ್ಕೋತೀವಿ? ಇಲ್ಲಿ ಅದು ಪೂರ್ತಿ ನೆರವೇರ್ತಿಲ್ಲ ಅಂತ ತಾನೇ. 2004ರ ಡಿಸೆಂಬರ್ 26, ಭಾನುವಾರ, ಕ್ರಿಸ್ಮಸ್ಸಿನ ಮರುದಿನ, ತಮಿಳುನಾಡಿನ ವೇಳಾಂಗಣ್ಣಿ ಚರ್ಚಿಗೆ ಹೋಗಿದ್ದ ನೂರಾರು ಯಾತ್ರಿಕರನ್ನ ಸುನಾಮಿ ಎಳ್ಕೊಂಡು ಹೋಯ್ತು, ನಮ್ಮ ಕರ್ನಾಟಕದಿಂದ ಬಸ್ಸು ಮಾಡ್ಕೊಂಡು ಹೋಗೋ ಜಾಗ ಅದು. ಅಲೆ ಬೆಸಿಲಿಕಾ, ಅಂದ್ರೆ ಅಲ್ಲಿನ ದೊಡ್ಡ ಚರ್ಚಿನ ಒಳಗೆ ಬರಲಿಲ್ಲ, ಅದ್ಭುತ ಅದ್ಭುತ ಅಂತ ತುಂಬಾ ಜನ ಹೇಳಿದ್ರು. ಒಳಗಿದ್ದೋರು ಬದುಕಿದ್ದಕ್ಕೆ ಸ್ತೋತ್ರ ಮಾಡಿದ್ರೆ ತಪ್ಪೇನಿಲ್ಲ, ಆದ್ರೆ ಅದೇ ಮರಳಲ್ಲಿ ಮಗು ಕೈ ಬಿಟ್ಟು ಹೋದೋರಿಗೆ ಆ ಮಾತು ಹೇಗೆ ಕೇಳಿಸಿರುತ್ತೆ? ಕಟ್ಟಡ ಉಳಿಸಿ ಮಗೂನ ಬಿಟ್ಟ ಅನ್ನೋ ದೇವರನ್ನ ನಾನು ಯೇಸುವಿನ ಕಥೆ ಹೇಳೋ ಸುವಾರ್ತೆಗಳಲ್ಲಿ ನೋಡಿಲ್ಲ.

ಸುವಾರ್ತೆಗಳಲ್ಲಿ ಕಾಣೋನು ಬೇರೆ. ಗೆಳೆಯ ಲಾಜರ ಸತ್ತು ನಾಲ್ಕು ದಿನ ಆದ್ಮೇಲೆ ಯೇಸು ಬೇಥಾನ್ಯಕ್ಕೆ ಬರ್ತಾನೆ. ಲಾಜರನ ಅಕ್ಕ ಮಾರ್ಥ ಎದುರು ಬಂದು, ನೀನು ಇಲ್ಲಿ ಇದ್ದಿದ್ರೆ ನನ್ನ ತಮ್ಮ ಸಾಯ್ತಿರಲಿಲ್ಲ ಅಂತಾಳೆ, ಆಮೇಲೆ ಅವಳ ತಂಗಿ ಮರಿಯಳೂ ಬಂದು ಅದೇ ಮಾತು, ನಿಮ್ಮ ಪ್ರಶ್ನೆನೂ ಅದೇ. ಅವನು ಬೈಯಲ್ಲ, ವಿವರಣೆನೂ ಕೊಡಲ್ಲ, ಇನ್ನು ಸ್ವಲ್ಪ ಹೊತ್ತಲ್ಲಿ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅಳ್ತಾನೆ. ಆಮೇಲೆ ಶಿಲುಬೆ ಮೇಲೆ "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟಿದ್ದೀ" ಅಂತ ಬೈಬಲಿನ 22ನೇ ಕೀರ್ತನೆಯ ಮಾತಲ್ಲಿ ಅವನೇ ಕೂಗ್ತಾನೆ. ಆ ಯಾಕೆಗೆ ಆ ಮಧ್ಯಾಹ್ನ ಮೇಲಿಂದ ಉತ್ತರ ಬರಲಿಲ್ಲ. ಮೂರನೇ ದಿನ ಬಂದಿದ್ದೂ ವಿವರಣೆ ಅಲ್ಲ, ಖಾಲಿ ಸಮಾಧಿ. ಎದ್ದು ಬಂದ ಮೈ ಮೇಲೆ ಮೊಳೆ ಗಾಯ ಹಾಗೇ ಇದ್ವು, ನಂಬದೇ ಇದ್ದ ಶಿಷ್ಯ ತೋಮನಿಗೆ ತೋರಿಸಿದ್ದು ಅದನ್ನೇ. ಕ್ರೈಸ್ತರು ನಂಬೋದರ ತಿರುಳು ಇದೇ: ದೇವರು ಮೇಲೆ ಕೂತು ಸುಮ್ನೆ ನೋಡ್ತಿಲ್ಲ, ಇಳಿದು ಬಂದು ಏಟು ತಿಂದಿದ್ದಾನೆ, ಸಾವಿನದೇ ಕೊನೇ ಮಾತಾಗೋಕೆ ಬಿಟ್ಟಿಲ್ಲ. ಇದನ್ನ ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.

ಹಾಗಂತ ಕಷ್ಟಾನ ಸಹಿಸ್ಕೊಂಡು ಸುಮ್ನಿರಿ ಅಂತಾನೂ ಅಲ್ಲ. ಯೇಸು ಯಾವ ರೋಗಿಗೂ "ಇದು ನಿಂಗೆ ಒಳ್ಳೇದು, ಹಾಗೇ ಇರಲಿ" ಅಂದಿದ್ದು ಸುವಾರ್ತೆಗಳಲ್ಲಿ ಸಿಗಲ್ಲ. ನಮ್ಮ ಕಡೆಯೋರು ರೈಲು ಹತ್ಕೊಂಡು ಹೋಗೋ ವೆಲ್ಲೂರು ಸಿಎಂಸಿ ಆಸ್ಪತ್ರೆ ಶುರುವಾಗಿದ್ದು ಹೇಗೆ ಗೊತ್ತಾ, ಮಿಷನರಿ ಮನೆತನದ ಹುಡುಗಿ ಐಡಾ ಸ್ಕಡರ್ ಅಪ್ಪ ಅಮ್ಮನ ಹತ್ರ ಬಂದಿದ್ದಾಗ ಒಂದೇ ರಾತ್ರಿ ಮೂರು ಜನ ಗಂಡಸರು ಬಂದು ಹೆಂಡತಿ ಹೆರಿಗೆ ನೋವಲ್ಲಿದ್ದಾಳೆ ಬನ್ನಿ ಅಂತ ಕರೀತಾರೆ. ನಮ್ಮಪ್ಪ ಡಾಕ್ಟರು ಅವರನ್ನ ಕರ್ಕೊಂಡು ಹೋಗಿ ಅಂದ್ರೆ ಗಂಡಸು ಡಾಕ್ಟರ್ ಬೇಡ ಅಂತ ವಾಪಸ್ ಹೋಗ್ತಾರೆ. ಬೆಳಗಾಗೋದ್ರೊಳಗೆ ಮೂರೂ ಹೆಂಗಸರು ಹೋಗಿಬಿಟ್ಟಿದ್ರು. ಐಡಾ ಅದಕ್ಕೆ ಅರ್ಥ ಹುಡುಕ್ತಾ ಕೂರಲಿಲ್ಲ, ಹೋಗಿ ಡಾಕ್ಟರ್ ಓದಿ 1900ರಲ್ಲಿ ವೆಲ್ಲೂರಲ್ಲಿ ಒಂದೇ ಒಂದು ಹಾಸಿಗೆ ಹಾಕಿ ಶುರು ಮಾಡಿದ್ರು.

ಪ್ರಾರ್ಥನೆಗೆ ಯಾಕೆ ಉತ್ತರ ಬರಲಿಲ್ಲ ಅಂದ್ರಲ್ಲ, ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ, ಇದೆ ಅನ್ನೋರ ಮಾತನ್ನೂ ಸ್ವಲ್ಪ ಜೋಪಾನವಾಗಿ ಕೇಳಿ. ಆದ್ರೆ ಜಗಳ ಆಡೋಕೆ ಪರ್ಮಿಷನ್ ಇದೆ. 88ನೇ ಕೀರ್ತನೆ ಓದಿ ನೋಡಿ, ಮೊದಲಿಂದ ಕೊನೇವರೆಗೂ ಗೋಳು, ಮುಗಿಯೋದೂ ಕತ್ತಲಲ್ಲೇ, ಒಂದು ಹಲ್ಲೆಲೂಯಾ ಕೂಡ ಇಲ್ಲ. ಬೈಬಲಿನ ಕೊನೇ ಪುಸ್ತಕ ಪ್ರಕಟನೆಯಲ್ಲಿ ಸತ್ತು ಪರಲೋಕಕ್ಕೆ ಹೋದ ಹುತಾತ್ಮರೇ "ಇನ್ನೆಷ್ಟು ದಿನ ಕರ್ತನೇ" ಅಂತ ಕೂಗ್ತಿದ್ದಾರೆ. ಅವರಿಗೆ ಸಿಕ್ಕಿದ್ದು ಒಂದು ಬಿಳಿ ನಿಲುವಂಗಿ ಮತ್ತೆ ಇನ್ನೂ ಸ್ವಲ್ಪ ಕಾಲ ಕಾಯಿರಿ ಅನ್ನೋ ಮಾತು.

ಆ ತಾಯಿ ಮನೆಗೆ ನಮ್ಮ ಸಭೆಯ ಅಜ್ಜಿಯೊಬ್ಬರು ವಾರವಿಡೀ ಹೋಗ್ತಿದ್ರು. ಬೈಬಲ್ ಬ್ಯಾಗಲ್ಲೇ ಇರ್ತಿತ್ತು, ತೆಗೀತಿರಲಿಲ್ಲ. ಗಂಜಿ ಕಾಯಿಸಿ, ಪಾತ್ರೆ ತೊಳೆದು, ಆ ಮಗು ಯೂನಿಫಾರ್ಮ್ ಇನ್ನೂ ತಂತಿ ಮೇಲೆ ಒಣಗ್ತಿತ್ತಲ್ಲ, ಅದನ್ನ ಮುಟ್ಟದೆ ಪಕ್ಕದ ಬಟ್ಟೆ ಮಾತ್ರ ಮಡಚಿಟ್ಟು ಬರ್ತಿದ್ರು. ಅಮ್ಮ ಈಗ ಮತ್ತೆ ಆರಾಧನೆಗೆ ಬರ್ತಾರೆ, ಕೊನೇ ಬೆಂಚಲ್ಲಿ ಅಜ್ಜಿ ಪಕ್ಕ ಕೂರ್ತಾರೆ. ಕರ್ತನ ಪ್ರಾರ್ಥನೆ ಹೇಳುವಾಗ "ನಿನ್ನ ಚಿತ್ತವು" ಅನ್ನೋ ಕಡೆ ಬಾಯಿ ಮುಚ್ಕೋತಾರೆ, "ಅನುದಿನದ ಆಹಾರ"ದಿಂದ ಮತ್ತೆ ಶುರು ಮಾಡ್ತಾರೆ. ಅವರು ಬಿಟ್ಟ ಆ ಸಾಲನ್ನ ಅಜ್ಜಿ ಸ್ವಲ್ಪ ಜೋರಾಗಿ ಹೇಳ್ತಾರೆ, ಇಬ್ಬರದ್ದೂ ಸೇರಿಸಿ ಹೇಳೋ ಹಾಗೆ.