ಭಾರದ ಸಾಮಾನು ವಿಮಾನ ಹತ್ತುವ ಮೊದಲು

ಕಾಸರಗೋಡಿನಿಂದ ಗಲ್ಫ್ ದೇಶಗಳಿಗೆ ಭಾರದ ಸಾಮಾನು ಕಳುಹಿಸಲು ಬರುವವರು ಮೊದಲು ಕೇಳುವುದು ಕಿಲೋಗೆ ಎಷ್ಟು ಎಂದು. ಸಾಗಣೆ ಏಜೆಂಟನಾದ ನಾನು ತಿರುಗಿ ಕೇಳುವುದು, ಅವುಗಳಲ್ಲಿ ಅತಿ ಭಾರವಾದ ಒಂದು ಕಟ್ಟು ಎಷ್ಟು ತೂಗುತ್ತದೆ, ಅದರ ಉದ್ದ ಅಗಲ ಎತ್ತರ ಎಷ್ಟು ಎಂದು. ಒಟ್ಟು ತೂಕದ ಪ್ರಶ್ನೆ ಬರೀ ಹಣದ್ದು. ಸಾಮಾನು ಹೋಗುತ್ತದೆಯೋ ಇಲ್ಲವೋ, ಹೋಗುವುದಾದರೆ ಪ್ರಯಾಣಿಕರ ಲಗೇಜಾಗಿಯೋ ಕಾರ್ಗೋ ಆಗಿಯೋ ಎಂಬುದನ್ನು ತೀರ್ಮಾನಿಸುವುದು ಬಿಡಿ ಕಟ್ಟಿನ ತೂಕ ಮತ್ತು ಅಳತೆ.

ಗಲ್ಫ್ ಟಿಕೆಟಿನಲ್ಲಿ 30 ಕಿಲೋ ಎಂದಿದ್ದರೆ ಅದು ಸಾಮಾನ್ಯವಾಗಿ ಒಟ್ಟು ತೂಕದ ಲೆಕ್ಕ. ಅಮೆರಿಕದ ಕಡೆಗೆ ಹೆಚ್ಚಾಗಿ ಎಣಿಕೆಯ ಲೆಕ್ಕ, ಒಂದೊಂದು 23 ಕಿಲೋದ ಪೆಟ್ಟಿಗೆ. ಲೆಕ್ಕ ಯಾವುದೇ ಇರಲಿ, ಒಂದೇ ಪೆಟ್ಟಿಗೆ 32 ಕಿಲೋ ಮೀರಿದರೆ ಬಹುತೇಕ ಕಂಪನಿಗಳು ಅದನ್ನು ಚೆಕ್-ಇನ್ ಕೌಂಟರಿನಲ್ಲಿ ತೆಗೆದುಕೊಳ್ಳುವುದಿಲ್ಲ. "ಹೆಚ್ಚಿನ ತೂಕಕ್ಕೆ ದುಡ್ಡು ಕೊಡ್ತೇನಲ್ಲ ಮಾರಾಯ್ರೇ, ಮತ್ತೆಂತ ತೊಂದರೆ?" ಎಂದು ಕೇಳುವವರಿದ್ದಾರೆ. ದುಡ್ಡು ಕೊಟ್ಟು ಮೀರಬಹುದಾದದ್ದು ಟಿಕೆಟಿನ ಮಿತಿ ಮಾತ್ರ. 32 ಕಿಲೋದ ಮಿತಿ ಇರುವುದು ಪೆಟ್ಟಿಗೆ ಎತ್ತುವ ಕೆಲಸಗಾರರ ಸೊಂಟಕ್ಕಾಗಿ. ಮಂಗಳೂರು ಮತ್ತು ಕಣ್ಣೂರಿನಿಂದ ಹೊರಡುವ ವಿಮಾನಗಳಲ್ಲಿ ಹೆಚ್ಚಿನವು ಬೋಯಿಂಗ್ 737 ಅಥವಾ ಏರ್‌ಬಸ್ 320ರ ಗಾತ್ರದವು. 737ರ ಹೊಟ್ಟೆಯೊಳಗೆ ಮನುಷ್ಯ ನೆಟ್ಟಗೆ ನಿಲ್ಲುವಷ್ಟು ಎತ್ತರವಿಲ್ಲ. ಮಂಡಿಯೂರಿ ಕುಳಿತವನು ಒಂದೊಂದೇ ಪೆಟ್ಟಿಗೆಯನ್ನು ಎಳೆದು ಜೋಡಿಸಬೇಕು. ಆ ಭಂಗಿಯಲ್ಲಿ 40 ಕಿಲೋ ಎಳೆಯುವುದೆಂದರೇನು ಎಂಬುದು ಗೋಡೌನಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಆದ್ದರಿಂದ ಬಿಡಿಸಬಹುದಾದದ್ದನ್ನು ಬಿಡಿಸಿ ಎರಡು ಪೆಟ್ಟಿಗೆಗೆ ಹಾಕುವುದೇ ಮೊದಲ ಉಪಾಯ. ಗ್ರೈಂಡರಿನ ಪಾತ್ರೆ ಮತ್ತು ಕಲ್ಲು ಒಂದರಲ್ಲಿ, ಮೋಟಾರಿನ ಭಾಗ ಇನ್ನೊಂದರಲ್ಲಿ ಹೋಗಬಹುದು. ಕಾಲುದೀಪವೂ ಹಾಗೆಯೇ, ತಿರುಪು ಬಿಚ್ಚಿದರೆ ನಾಲ್ಕೈದು ತುಂಡಾಗುತ್ತದೆ. ಹಳೆಯ ಕಡೆಯುವ ಕಲ್ಲಿನ ಗುಂಡನ್ನು ಬೇರ್ಪಡಿಸಬಹುದೇ ಹೊರತು ಕಲ್ಲನ್ನು ಎರಡು ಮಾಡಲಾಗದು. ಅದು 32 ಮೀರಿದ್ದರೆ ಕಾರ್ಗೋ ಬಿಟ್ಟು ಬೇರೆ ದಾರಿಯಿಲ್ಲ.

ಕಾರ್ಗೋದಲ್ಲಿ 32ರ ತಡೆ ಇಲ್ಲ. ಅಲ್ಲಿ ಎದುರಾಗುವುದು ವಿಮಾನದ ಬಾಗಿಲು ಮತ್ತು ನೆಲ. 737ರ ಸರಕಿನ ಬಾಗಿಲು ನಾಲ್ಕು ಅಡಿ ಅಗಲವಿದ್ದರೂ ಎತ್ತರ ಮೂರು ಅಡಿ ತುಂಬುವುದಿಲ್ಲ. ಅದಕ್ಕಿಂತ ದೊಡ್ಡದಾದರೆ ಕೊಚ್ಚಿಗೋ ಬೆಂಗಳೂರಿಗೋ ಲಾರಿಯಲ್ಲಿ ಒಯ್ದು ದೊಡ್ಡ ವಿಮಾನಕ್ಕೆ ಏರಿಸಬೇಕಾಗುತ್ತದೆ. ನೆಲದ ವಿಷಯ ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. 737ರಲ್ಲಿ ಸರಕು ಇಡುವ ನೆಲ ಒಂದು ಚದರ ಮೀಟರಿಗೆ ಹೊರಬಹುದಾದ ಭಾರ 732 ಕಿಲೋ. ಕಾರ್ಕಳದಲ್ಲಿ ಕೆತ್ತಿಸಿದ 90 ಕಿಲೋದ ಒಂದು ಶಿಲಾವಿಗ್ರಹವನ್ನು ತೆಗೆದುಕೊಳ್ಳಿ. ಅದರ ಪೀಠ 30 ಸೆಂಟಿಮೀಟರ್ ಚೌಕವಾಗಿದ್ದರೆ ನೆಲದ ಮೇಲೆ ಬೀಳುವ ಒತ್ತಡ ಚದರ ಮೀಟರಿಗೆ 1,000 ಕಿಲೋ ಆಗುತ್ತದೆ. ಇಬ್ಬರು ಎತ್ತಿ ಇಡಬಹುದಾದ ವಿಗ್ರಹ ವಿಮಾನದ ನೆಲಕ್ಕೆ ಅತಿಭಾರವಾಗುವುದು ಹೀಗೆ. ಅದರ ಅಡಿಗೆ 60 ಸೆಂಟಿಮೀಟರ್ ಚೌಕದ, ಬಾಗದಷ್ಟು ದಪ್ಪದ ಹಲಗೆ ಕೊಟ್ಟರೆ ಅದೇ ಒತ್ತಡ 250 ಕಿಲೋಗೆ ಇಳಿಯುತ್ತದೆ.

ಪ್ಯಾಕಿಂಗ್ ಶುರುವಾಗಬೇಕಾದದ್ದೂ ಆ ಹಲಗೆಯಿಂದಲೇ. ಹಲಗೆಯ ಕೆಳಗೆ ಎರಡು ರೀಪುಗಳನ್ನು ಅಂತರ ಬಿಟ್ಟು ಹೊಡೆಯಬೇಕು. ಎತ್ತುವ ಗಾಡಿಯ ನಾಲಗೆ ತೂರುವುದು ಆ ಸಂದಿಯಲ್ಲಿ. ಆದರೆ ರೀಪು ಕಿರಿದಾದಷ್ಟೂ ಒತ್ತಡ ಮತ್ತೆ ಏರುತ್ತದೆ, ಹಾಗಾಗಿ ಅಗಲವಾದುದನ್ನೇ ಆರಿಸಬೇಕು. ವಿಗ್ರಹವನ್ನು ಗಟ್ಟಿ ಫೋಮಿನಲ್ಲಿ ಸುತ್ತಿ, ಪೀಠ ಅಲುಗದಂತೆ ಸುತ್ತಲೂ ಅಡ್ಡಪಟ್ಟಿ ಬಿಗಿದು, ಪ್ಲೈವುಡ್ಡಿನ ಪೆಟ್ಟಿಗೆಯಲ್ಲಿ ಮುಚ್ಚಬೇಕು. ಬೈಹುಲ್ಲು ಬೇಡವೇ ಬೇಡ. ಹಲವು ದೇಶಗಳ ಕ್ವಾರಂಟೈನ್ ಅಧಿಕಾರಿಗಳು ಅದನ್ನು ಕಂಡರೆ ಪೆಟ್ಟಿಗೆ ತಡೆಯುತ್ತಾರೆ. ಮುಚ್ಚಳಕ್ಕೆ ಮೊಳೆ ಹೊಡೆಯದೆ ಸ್ಕ್ರೂ ಹಾಕಿಸಿ. ದಪ್ಪ ಕಲ್ಲು ಎಕ್ಸ್-ರೇ ಪರದೆಯಲ್ಲಿ ಬರೀ ಕಪ್ಪು ಮುದ್ದೆಯಾಗಿ ಕಾಣುವುದರಿಂದ ಭದ್ರತಾ ಸಿಬ್ಬಂದಿ ತೆರೆದು ನೋಡಬೇಕೆಂದು ಹೇಳುವ ಸಂಭವ ಹೆಚ್ಚು, ಮೊಳೆ ಹೊಡೆದ ಪೆಟ್ಟಿಗೆಯನ್ನು ಅಲ್ಲಿ ಮೀಟಿ ತೆಗೆದರೆ ಮತ್ತೆ ಮೊದಲಿನಂತೆ ಮುಚ್ಚಲಾಗದು. ಸೈಜು ಮರದ, ಅಂದರೆ ಕೊಯ್ದ ಇಡೀ ಮರದ ರೀಪುಗಳಿಗೆ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ತಿರುಳಿನವರೆಗೆ ಕಾಯಿಸಿದ ಮುದ್ರೆ ಇರಬೇಕೆಂಬ ಅಂತರರಾಷ್ಟ್ರೀಯ ನಿಯಮವಿದೆ. ಪ್ಲೈವುಡ್ಡಿಗೆ ಅದು ಅನ್ವಯಿಸುವುದಿಲ್ಲ. ಆದ್ದರಿಂದ ರೀಪನ್ನೂ ಪ್ಲೈವುಡ್ಡನ್ನೇ ಪದರ ಪದರವಾಗಿ ಅಂಟಿಸಿ ಮಾಡಿಸುವುದು ಜಾಣತನ.

ಬಾಡಿಗೆಯ ಲೆಕ್ಕದಲ್ಲಿ ಕಲ್ಲು ಮೋಸ ಮಾಡುವುದಿಲ್ಲ, ಚೆಂಡೆ ಮಾಡುತ್ತದೆ. ಸೆಂಟಿಮೀಟರಿನಲ್ಲಿ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 6,000ದಿಂದ ಭಾಗಿಸಿದರೆ ಬರುವ ಗಾತ್ರದ ತೂಕ ಮತ್ತು ತಕ್ಕಡಿಯ ತೂಕ, ಇವುಗಳಲ್ಲಿ ಹೆಚ್ಚಿನದಕ್ಕೆ ಬಾಡಿಗೆ. ಯಕ್ಷಗಾನ ಮೇಳದ ಚೆಂಡೆ ಮದ್ದಳೆಗಳನ್ನು 80, 60, 60ರ ಪೆಟ್ಟಿಗೆಗೆ ತುಂಬಿದರೆ ಅದು 25 ಕಿಲೋ ತೂಗಿದರೂ ಬಿಲ್ಲು ಬರುವುದು 48 ಕಿಲೋಗೆ. ಕೊರಿಯರಿನವರು 5,000ದಿಂದ ಭಾಗಿಸುತ್ತಾರೆ, ಅಲ್ಲಿ ಇನ್ನೂ ಹೆಚ್ಚು. ದರವೂ ಮೆಟ್ಟಿಲು ಮೆಟ್ಟಿಲಾಗಿದೆ. 45 ಕಿಲೋ, 100 ಕಿಲೋ ದಾಟಿದಾಗ ಕಿಲೋದ ದರ ಇಳಿಯುತ್ತದೆ. ಹಾಗಾಗಿ 95 ಕಿಲೋದ ಸಾಮಾನಿಗೆ 100 ಕಿಲೋದ ಬಾಡಿಗೆ ಕೊಡುವುದೇ ಅಗ್ಗವಾಗಬಹುದು, ಕೇಳಿ ನೋಡಬೇಕು.

ಜೊತೆಯಲ್ಲಿ ಸೇರಿಸಬಾರದ ಕೆಲವು ವಸ್ತುಗಳಿವೆ. ನಮ್ಮೂರಿನ ಮಟ್ಟಿಗೆ ಮೊದಲನೆಯದು ಕೊಬ್ಬರಿ. ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತು ಎಂದು ಅದು ಅಪಾಯಕಾರಿ ಸರಕಿನ ಪಟ್ಟಿಯಲ್ಲಿ 1363ನೇ ಸಂಖ್ಯೆಯಲ್ಲಿದೆ. ಪೆಟ್ರೋಲ್ ತುಂಬಿಸಿ ಬಳಸಿದ ಹುಲ್ಲು ಕತ್ತರಿಸುವ ಯಂತ್ರವನ್ನು ಲಗೇಜಿನಲ್ಲಿ ತರಬೇಡಿ. ಪವರ್‌ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಮನೆತನದ ಹಳೆಯ ಕಂಚಿನ ದೀಪ, ಮುಖವಾಡಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು: 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಹೊಸದೇ ಆಗಿದ್ದು ಹಳೆಯದರಂತೆ ಕಂಡರೆ ಪುರಾತತ್ವ ಇಲಾಖೆಯಿಂದ ಅದು ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆದೇ ಹೊರಡಬೇಕು.

ಕೊನೆಯದು ಬೆಲೆಯ ಮಾತು. ಏರ್‌ವೇ ಬಿಲ್ಲಿನಲ್ಲಿ (ಕಾರ್ಗೋದ ಸಾಗಣೆ ರಸೀದಿಯಲ್ಲಿ) ಬೆಲೆ ಘೋಷಿಸದೆ ಬಿಟ್ಟರೆ, ವಿಮಾನ ಕಂಪನಿಗಳ ಹೊಣೆ ಕುರಿತ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದದಂತೆ ಕಾರ್ಗೋಗೆ ಸಿಗುವ ಗರಿಷ್ಠ ಪರಿಹಾರ ಕಿಲೋಗೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನದಲ್ಲಿ 26 ಎಸ್‌ಡಿಆರ್, ಅಂದರೆ ಸುಮಾರು ಮೂರು ಸಾವಿರ ರೂಪಾಯಿ. 2024ರ ಡಿಸೆಂಬರ್ 28ಕ್ಕೆ ಮೊದಲು ಅದು 22 ಇತ್ತು. ಲಗೇಜಿಗೆ ತೂಕದ ಹಂಗಿಲ್ಲ, ಪ್ರಯಾಣಿಕರೊಬ್ಬರಿಗೆ ಒಟ್ಟು 1,519 ಎಸ್‌ಡಿಆರ್. ಅದಕ್ಕಿಂತ ಬೆಲೆಬಾಳುವ ವಿಗ್ರಹವಾದರೆ ಬೆಲೆ ಘೋಷಿಸಿ ಹೆಚ್ಚುವರಿ ಶುಲ್ಕ ಕಟ್ಟುವುದು ಅಥವಾ ಬೇರೆ ವಿಮೆ ಮಾಡಿಸುವುದು ಒಳ್ಳೆಯದು. ಸಾಮಾನು ಬಿಡಿಸಿಕೊಳ್ಳುವವರು ಪೆಟ್ಟಿಗೆಯ ಮೂಲೆ ಜಜ್ಜಿದ್ದರೆ ರಸೀದಿಗೆ ಸಹಿ ಹಾಕುವ ಮೊದಲೇ ಅದರಲ್ಲಿ ಬರೆಸಿ, ಫೋಟೋ ತೆಗೆದಿಡಬೇಕು. ಒಳಗೆ ಹಾನಿಯಾಗಿದ್ದರೆ ಲಗೇಜಿಗೆ 7 ದಿನ, ಕಾರ್ಗೋಗೆ 14 ದಿನಗಳೊಳಗೆ ಲಿಖಿತ ದೂರು ವಿಮಾನ ಕಂಪನಿಗೆ ತಲುಪಬೇಕು. ಆ ಗಡುವು ಮೀರಿದ ದೂರಿನ ಮೇಲೆ ಪರಿಹಾರ ಕೇಳುವ ಹಕ್ಕು ಉಳಿಯುವುದಿಲ್ಲ.