ಕ್ಷಯ: ಸವೆತಕ್ಕೆ ಇಟ್ಟ ಹೆಸರು

ಪಂಚಾಂಗದಲ್ಲಿ ಕ್ಷಯ ತಿಥಿ ಬರುತ್ತದೆ, ಹುಳುಕು ಹಲ್ಲಿಗೆ ದಂತಕ್ಷಯ ಅನ್ನುತ್ತೇವೆ. ಎರಡನ್ನೂ ಯಾರೂ ದನಿ ತಗ್ಗಿಸಿ ಹೇಳುವುದಿಲ್ಲ. ಕ್ಷಯ ಅಂದರೆ ಸವೆಯುವುದು, ಕರಗುವುದು, ಅಷ್ಟೇ. ಹಿಂದೆ ಒಂದು ‘ಅ’ ಬಂದರೆ ಅಕ್ಷಯಪಾತ್ರೆ. ರೋಗದ ಹೆಸರಾದಾಗ ಮಾತ್ರ ಪದ ಪಿಸುಮಾತಿಗಿಳಿಯುತ್ತದೆ. ಅದಕ್ಕೇ ‘ಟಿ.ಬಿ.’ ಎಂಬ ಎರಡಕ್ಷರದ ಮರೆ.

ಆಯುರ್ವೇದದಲ್ಲಿ ಇದಕ್ಕೆ ರಾಜಯಕ್ಷ್ಮ ಎಂದು ಹೆಸರು. ರಾಜ ಅಂದರೆ ಇಲ್ಲಿ ಚಂದ್ರ. ದಕ್ಷನ ಇಪ್ಪತ್ತೇಳು ಹೆಣ್ಣುಮಕ್ಕಳನ್ನು ಮದುವೆಯಾಗಿಯೂ ರೋಹಿಣಿಯೊಬ್ಬಳನ್ನೇ ಹಚ್ಚಿಕೊಂಡ, ಮಾವನ ಸಿಟ್ಟಿಗೆ ಸಿಕ್ಕಿ ದಿನದಿನಕ್ಕೂ ಕರಗಿದ. ಚರಕ ಸಂಹಿತೆಯಲ್ಲೂ ಈ ಕಥೆಯಿದೆ. ಕಥೆ ಚಂದವೇ, ಆದರೆ ರೋಗಿ ಏನೋ ತಪ್ಪು ಮಾಡಿರಬೇಕು ಎಂಬ ಗುಮಾನಿಯೂ ಅದರ ಬೆನ್ನಿಗೇ ಬಂತು. ಗ್ರೀಕರ ‘ಥೈಸಿಸ್’, ಇಂಗ್ಲಿಷಿನ ಹಳೆಯ ‘ಕನ್ಸಂಪ್ಷನ್’ ಕೂಡ ಸವೆತವೇ. ಕಾರಣ ತಿಳಿಯದೆ ಕಣ್ಣಿಗೆ ಕಂಡದ್ದನ್ನೇ ಎಲ್ಲರೂ ಹೆಸರಾಗಿಸಿದ್ದರು.

ಟಿ.ಬಿ.ಯ ಪೂರ್ಣ ರೂಪವಾದ ‘ಟ್ಯೂಬರ್‌ಕ್ಯುಲೋಸಿಸ್’ 19ನೇ ಶತಮಾನದ ಪದ. ಶವ ಕೊಯ್ದಾಗ ಶ್ವಾಸಕೋಶದಲ್ಲಿ ಸಿಗುತ್ತಿದ್ದ ಪುಟ್ಟ ಗಂಟಿನಿಂದ ಬಂದದ್ದು. ಆಗ ಯುರೋಪಿನಲ್ಲಿ ಇದನ್ನು ವಂಶದ ಕಾಯಿಲೆ ಎಂದವರೇ ಹೆಚ್ಚು. ಬಿಳಿಚಿದ ಮುಖವನ್ನು ಕವಿಗಳ ಲಕ್ಷಣವೆಂದು ಮೆಚ್ಚಿದವರೂ ಇದ್ದರು! ಇದು ಅಂಟುರೋಗ ಎಂದು 1865ರಲ್ಲಿ ಫ್ರಾನ್ಸಿನ ವೈದ್ಯ ವಿಲ್ಮ್ಯಾಂ ಮೊಲಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರೂ ಹೆಚ್ಚಿನವರು ಕಿವಿಗೊಡಲಿಲ್ಲ. 1882ರ ಮಾರ್ಚ್ 24ರ ಸಂಜೆ ಬರ್ಲಿನ್ನಿನಲ್ಲಿ ಜರ್ಮನಿಯ ವೈದ್ಯವಿಜ್ಞಾನಿ ರಾಬರ್ಟ್ ಕಾಖ್, ಬಣ್ಣ ಹಾಕಿದ ಕಡ್ಡಿಯಾಕಾರದ ರೋಗಾಣುವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದ ಮೇಲೆ ವಾದ ಮುಗಿಯಿತು.

ಮುಗಿದದ್ದು ವಾದ. ಭಯ ಶುರುವಾದದ್ದು ಆಮೇಲೆ. ಕಫವೇ ಶತ್ರುವಾಯಿತು. ಜರ್ಮನಿಯ ವೈದ್ಯ ಡೆಟ್‌ವೈಲರ್ ರೋಗಿಗಳಿಗೆಂದು ಜೇಬಿನಲ್ಲಿಟ್ಟುಕೊಳ್ಳುವ ನೀಲಿ ಗಾಜಿನ ಉಗುಳು ಶೀಸೆ ಮಾಡಿಸಿದರು. ಮುಚ್ಚಳ ತೆರೆ, ಉಗುಳು, ಮುಚ್ಚು. ಜನ ಅದಕ್ಕೆ ‘ನೀಲಿ ಹೈನ್ರಿಷ್’ ಎಂದು ಅಡ್ಡಹೆಸರಿಟ್ಟರು. ಆ ಶೀಸೆ ಜೇಬಿನಿಂದ ಹೊರಬಂದರೆ ಸಾಕು, ಯಾರ ಕಾಯಿಲೆ ಏನೆಂದು ಸುತ್ತಲಿನವರಿಗೆಲ್ಲ ಗೊತ್ತಾಗುತ್ತಿತ್ತು. ಮನೆಯಿಂದ ದೂರದ ಸ್ಯಾನಟೋರಿಯಂಗಳಲ್ಲಿ, ಅಂದರೆ ಆರೋಗ್ಯಧಾಮಗಳಲ್ಲಿ, ತಿಂಗಳುಗಟ್ಟಲೆ ಮಲಗಿಸುವುದೇ ಆಗಿನ ಚಿಕಿತ್ಸೆ.

1943ರಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿ ಸಿಕ್ಕಿತು, 1952ರ ಹೊತ್ತಿಗೆ ಐಸೋನಯಾಜಿಡ್ ಬಂತು. ಒಂದೇ ಔಷಧಿಗೆ ರೋಗಾಣು ಬೇಗ ಪಳಗುತ್ತದೆ, ಆದ್ದರಿಂದ ಇವತ್ತಿಗೂ ಹಲವನ್ನು ಸೇರಿಸಿ ಕೊಡುತ್ತಾರೆ. 1956ರಲ್ಲಿ ಮದ್ರಾಸಿನಲ್ಲಿ ಕೆಲವು ರೋಗಿಗಳನ್ನು ಸ್ಯಾನಟೋರಿಯಂಗೆ ಸೇರಿಸಿ, ಉಳಿದವರಿಗೆ ಅದೇ ಔಷಧಿಯನ್ನು ಮನೆಯಲ್ಲೇ ಕೊಟ್ಟು ನೋಡಿದರು. ಗುಣವಾಗುವುದರಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಜೊತೆಗಿದ್ದ ಮನೆಯವರಿಗೂ ಅದರಿಂದ ಹೆಚ್ಚೇನೂ ರೋಗ ಅಂಟಲಿಲ್ಲ.